ಊಟದ ಮಾತು ಸರಿ, ಹಾರ್ಮೋನ್ ಮಾತು ಬಿಡಿಸಿ ಹೇಳಬೇಕಿತ್ತು

ಊಟ ಬದಲಿಸಿ ಹಾರ್ಮೋನ್ ಸಮತೋಲನಕ್ಕೆ ತಂದರೆ ಫೈಬ್ರೊಮಯಾಲ್ಜಿಯಾ (ಮೈಯೆಲ್ಲ ನೋಯುವ, ಸುಸ್ತು ಬಿಡದ ದೀರ್ಘಕಾಲದ ಕಾಯಿಲೆ) ತಾನಾಗಿಯೇ ವಾಸಿಯಾಗುತ್ತದೆ, ಮಾತ್ರೆ ಬಿಟ್ಟುಬಿಡಿ ಎಂದು ಬರೆದಿದ್ದೀರಿ. ಏಳು ವರ್ಷದಿಂದ ಈ ನೋವಿನ ಜೊತೆ ಏಗುತ್ತಿರುವವಳು ನಾನು. ಅರ್ಧ ಮಾತ್ರ ಒಪ್ಪುತ್ತೇನೆ.

ಹಾರ್ಮೋನ್ ಎಂದರೆ ಯಾವುದು ಸ್ವಾಮಿ? ಥೈರಾಯ್ಡ್ ಕಡಿಮೆಯಾದರೂ ಇದೇ ಮೈಕೈ ನೋವು, ಇದೇ ಸುಸ್ತು, ಇದೇ ಮಂಕು ಕವಿದ ತಲೆ. ಅದಕ್ಕೇ ವೈದ್ಯರು ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸುವುದು. ಅಲ್ಲಿ ದೋಷ ಕಂಡರೆ ಅದಕ್ಕೆ ಚಿಕಿತ್ಸೆ ಬೇಕು, ಸೊಪ್ಪು ತಿಂದು ಸರಿಹೋಗುವುದಲ್ಲ. ನನ್ನದು ಸರಿಯಾಗಿಯೇ ಇತ್ತು, ನೋವು ಮಾತ್ರ ಹೋಗಲಿಲ್ಲ. ನರಮಂಡಲವೇ ನೋವಿನ ಸಂಕೇತವನ್ನು ಹಿಗ್ಗಿಸುತ್ತದಂತೆ, ರೇಡಿಯೊದ ಸದ್ದು ಏರಿದಲ್ಲೇ ಗುಂಡಿ ಸಿಕ್ಕಿಕೊಂಡ ಹಾಗೆ. ಇದನ್ನು ತೋರಿಸುವ ರಕ್ತಪರೀಕ್ಷೆಯೂ ಇಲ್ಲ. (ಹಾಗಾಗಿ ಮನೆಯವರೂ ನಂಬುವುದಿಲ್ಲ, ಅದು ಬೇರೆ ಕತೆ.)

ಊಟದಿಂದ ಏನೂ ಆಗಲಿಲ್ಲ ಅಂತಲ್ಲ. ಸಂಜೆಯ ಕಾಫಿ ಬಿಟ್ಟೆ, ರಾತ್ರಿ ಬೇಗ ಉಂಡೆ, ನಿದ್ದೆ ಸುಧಾರಿಸಿತು. ನಿದ್ದೆ ಬಂದ ಮರುದಿನ ನೋವು ಕಡಿಮೆ. ಅಷ್ಟೇ.

ನಡಿಗೆಯ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲವಲ್ಲ! ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರ ಶಿಫಾರಸುಗಳಲ್ಲಿ ಬಲವಾಗಿ ಬೆಂಬಲಿಸಿದ್ದು ವ್ಯಾಯಾಮವೊಂದನ್ನೇ. ನಾನು ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿದೆ. ಹುರುಪಿನಲ್ಲಿ ಒಂದು ದಿನ ಮುಕ್ಕಾಲು ಗಂಟೆ ನಡೆದು ಮೂರು ದಿನ ಹಾಸಿಗೆ ಹಿಡಿದದ್ದೂ ಉಂಟು.

ಮಾತ್ರೆ ಬಿಡಿ ಎಂಬ ಸಾಲನ್ನಂತೂ ದಯವಿಟ್ಟು ತೆಗೆಯಿರಿ. ಈ ನೋವಿಗೆ ಕೊಡುವ ಪ್ರೆಗಾಬಾಲಿನ್‌ನಂಥದ್ದನ್ನು ದಿಢೀರನೆ ನಿಲ್ಲಿಸಿದರೆ ನಿದ್ದೆಗೆಟ್ಟು, ವಾಕರಿಕೆ ಬಂದು ಫಜೀತಿಯಾಗುತ್ತದೆ. ವೈದ್ಯರನ್ನು ಕೇಳಿಯೇ ಹಂತಹಂತವಾಗಿ ಇಳಿಸಬೇಕು.