ಹಾಕಿದ ಎಣ್ಣೆ ಎಲ್ಲಿಗೆ ಹೋಯಿತು ಮಾರಾಯ್ರೆ?

ಮಲ್ಪೆಯ ಒಂದು ಫ್ರೀಜಿಂಗ್ ಪ್ಲಾಂಟಿನ ಲಾಗ್ ಪುಸ್ತಕ ನೋಡಿ ಈಗಷ್ಟೇ ಬಂದೆ. ತಲೆ ಬಿಸಿಯಾಗಿದೆ. ಅಮೋನಿಯಾ ಗ್ಯಾಸನ್ನು ಒತ್ತುವ ಕಂಪ್ರೆಸರಿಗೆ ಎಣ್ಣೆ ಹಾಕಿದ್ದಕ್ಕೆ ಸಾಲು ಸಾಲು ಲೆಕ್ಕ ಉಂಟು, ತೆಗೆದದ್ದಕ್ಕೆ ಒಂದು ಗೆರೆಯೂ ಇಲ್ಲ. ನೆಲದ ಮೇಲೆ ಸೋರಿದ ಗುರುತೂ ಇಲ್ಲ. ಮತ್ತೆ ಎಲ್ಲಿಗೆ ಹೋಯಿತು?

ಒಳಗೇ ಉಂಟು. ಪ್ಲಾಂಟನ್ನು ತಣ್ಣಗೆ ಮಾಡಲು ಪೈಪುಗಳಲ್ಲಿ ಸುತ್ತುವ ಅಮೋನಿಯಾದಲ್ಲಿ ಖನಿಜ ಎಣ್ಣೆ ಬೆರೆಯುವುದಿಲ್ಲ, ತಳ ಹಿಡಿಯುತ್ತದೆ. ಮೈನಸ್ 40 ಡಿಗ್ರಿಯಲ್ಲಿ ಲೀಟರ್ ಅಮೋನಿಯಾ ಸುಮಾರು 690 ಗ್ರಾಂ, ಎಣ್ಣೆ 900ರ ಹತ್ತಿರ. ಆ ಚಳಿಗೆ ಅದು ಜೋನಿ ಬೆಲ್ಲಕ್ಕಿಂತ ದಪ್ಪವಾಗಿ ಪ್ಲೇಟ್ ಫ್ರೀಜರಿನ (ಮೀನನ್ನು ತಣ್ಣನೆ ತಟ್ಟೆಗಳ ನಡುವೆ ಒತ್ತಿ ಗಟ್ಟಿ ಮಾಡುವ ಯಂತ್ರ) ಒಳದಾರಿಗಳಿಗೆ ಅಂಟುತ್ತದೆ. ಚಳಿ ಸರಿಯಾಗಿ ದಾಟುವುದಿಲ್ಲ. ಬೊಂಡಾಸ್ (ಸ್ಕ್ವಿಡ್) ಬ್ಲಾಕ್ ಹೊರಗೆ ಕಲ್ಲು, ನಡುವಲ್ಲಿ ಮೆತ್ತಗೆ. ಆಗ ನಮ್ಮ ಪಂಡಿತರು 'ಗ್ಯಾಸ್ ಕಮ್ಮಿ' ಅಂತ ಇನ್ನೊಂದು ಸಿಲಿಂಡರ್ ಅಮೋನಿಯಾ ತುಂಬಿಸುತ್ತಾರೆ!

"ಆಯಿಲ್ ಸೆಪರೇಟರ್ ಉಂಟಲ್ಲ ಸರ್?" ಉಂಟು ಮಾರಾಯ್ರೆ. ಕಂಪ್ರೆಸರಿನಿಂದ ಹೊರಟ ಗ್ಯಾಸಿನಲ್ಲಿ ಅದು ಹಿಡಿಯುವುದು ಎಣ್ಣೆಯ ಹನಿಯನ್ನು. ಆ ಗ್ಯಾಸಿನ ಬಿಸಿಗೆ ಆವಿಯಾದ ಎಣ್ಣೆ ಅದನ್ನು ಆರಾಮಾಗಿ ದಾಟಿ, ಮುಂದೆ ತಣ್ಣಗಾದಲ್ಲಿ ಪುನಃ ಎಣ್ಣೆಯೇ.

ತೆಗೆಯುವ ಚಂದವಂತೂ ಕೇಳಬೇಡಿ. ಮೈನಸ್ 40ರಲ್ಲಿ ಒಳಗಿನ ಒತ್ತಡ ಸುಮಾರು 0.72 ಬಾರ್, ಅಂದರೆ ಹೊರಗಿನ ಗಾಳಿಗಿಂತ ಕಮ್ಮಿ. ಎಲ್‌ಪಿ ರಿಸೀವರಿನ (ತಣ್ಣನೆ ಅಮೋನಿಯಾ ನಿಲ್ಲುವ ಕಡಿಮೆ ಒತ್ತಡದ ಟ್ಯಾಂಕು) ಡ್ರೈನ್ ನೇರ ತೆರೆದರೆ ಎಣ್ಣೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಆಯಿಲ್ ಪಾಟ್, ಅಂದರೆ ಎಣ್ಣೆ ಇಳಿಸಿಕೊಳ್ಳುವ ಸಣ್ಣ ಪಾತ್ರೆ, ಇಟ್ಟದ್ದು ಅದಕ್ಕೇ. ಪಾಟಿನಿಂದ ಸಕ್ಷನ್ನಿಗೆ (ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಪೈಪಿಗೆ) ಹೋಗುವ ವೆಂಟ್ ತೆರೆದಿಟ್ಟು, ರಿಸೀವರಿನ ತಳದ ವಾಲ್ವಿನಿಂದ ಎಣ್ಣೆ ಇಳಿಸಬೇಕು. ಇಳಿದ ಮೇಲೆ ತಳದ ವಾಲ್ವ್ ಮಾತ್ರ ಬಂದ್. ವೆಂಟ್ ತೆರೆದೇ ಇರಲಿ, ಜೊತೆಗೆ ಬಂದ ಅಮೋನಿಯಾ ಕುದಿದು ಹೋಗಬೇಕು. ಪಾಟಿನ ಮೇಲಿನ ಬಿಳಿ ಹಿಮ ಪೂರ್ತಿ ಕರಗಿ, ಮೈ ಬೆಚ್ಚಗಾಗುವವರೆಗೆ ಕಾಯಬೇಕು. (ಕಾಯುವ ತಾಳ್ಮೆ ನನಗೂ ಇಲ್ಲ, ಒಪ್ಪಿದೆ. ಹೊರಗಿನಿಂದ ಬಿಸಿನೀರು ಹೊಯ್ಯಿರಿ, ವೆಂಟ್ ತೆರೆದಿರುವಾಗ ಮಾತ್ರ.) ಆಮೇಲೆ ವೆಂಟ್ ಬಂದ್ ಮಾಡಿ ಗೇಜ್ ನೋಡಿ. ಮುಳ್ಳು ಸೊನ್ನೆಯಿಂದ (ಗೇಜಿನ ಸೊನ್ನೆ ಅಂದರೆ ಹೊರಗಿನ ಗಾಳಿಯ ಒತ್ತಡ) ಸ್ವಲ್ಪ ಮೇಲೆ ನಿಂತರೆ ಸರಿ. ಸರಸರ ಏರಿದರೆ ಒಳಗೆ ಇನ್ನೂ ಅಮೋನಿಯಾ ಉಂಟು, ಪುನಃ ವೆಂಟ್ ತೆರೆಯಿರಿ.

ಕೊನೆಗೆ ಪಾಟಿನ ಎಣ್ಣೆಯನ್ನು ಹೊರಗೆ ಬಿಡುವ ಸ್ಪ್ರಿಂಗ್ ವಾಲ್ವ್, ಕೈ ಬಿಟ್ಟರೆ ತಾನೇ ಮುಚ್ಚುವಂಥದ್ದು. ಅದರ ಹಿಡಿಗೆ ಸರಿಗೆ ಕಟ್ಟಿ ಚಹಾ ಕುಡಿಯಲು ಹೋಗುವ ಪುಣ್ಯಾತ್ಮರೇ, ಎಣ್ಣೆ ಮುಗಿದ ಕೂಡಲೇ ಹಿಂದಿನಿಂದ ಬರುವುದು ಅಮೋನಿಯಾ! ಮಾಸ್ಕ್, ಗ್ಲೌಸ್ ಹಾಕಿದ ಇಬ್ಬರು ಅಲ್ಲೇ ನಿಂತಿರಬೇಕು.

ಜೂನ್ 1ರಿಂದ 61 ದಿನ ಟ್ರಾಲ್ ಬೋಟು ಕಡಲಿಗೆ ಇಳಿಯುವುದಿಲ್ಲ. ಆಗ ಫ್ರೀಜರ್ ಬೆಚ್ಚಗೆ ಮಾಡಿ ಅಂಟಿದ್ದನ್ನೂ ಇಳಿಸಿ, ಅಳೆದು ಬರೆಯಿರಿ. ವರ್ಷಕ್ಕೆ ಹಾಕಿದ್ದು 60 ಲೀಟರ್, ತೆಗೆದದ್ದು 15 ಅಂತಾದರೆ ಬಾಕಿ 45 ಎಲ್ಲಿ? ಹೊರಬಂದ ಆ ಕಪ್ಪು ಎಣ್ಣೆಯನ್ನೇ ಸೋಸಿ ಮತ್ತೆ ಕಂಪ್ರೆಸರಿಗೆ ಹೊಯ್ಯುವವರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ, ಇವತ್ತಿಗೆ ಬಿಪಿ ಸಾಕು.