ಐವತ್ತು ಕೋಟಿ ಹುಳದ ಡಬ್ಬಿ

ಕೊಪ್ಪಳದಾಗ ಹೋದ ವಾರ ಆ 'ಹೊಟ್ಟಿ ಶುದ್ಧಿ, ಕ್ಯಾನ್ಸರ್ ಮುಕ್ತಿ' ಉಚಿತ ಶಿಬಿರ ಆತಲ್ರೀ, ನಿಮ್ಮ ವಾಟ್ಸಾಪಿಗೂ ಬಂದಿರತೈತಿ ಬಿಡ್ರಿ, ನಮ್ಮ ಕಾಕಾನೂ ಹೋಗಿದ್ರು. ಉಚಿತ ಅಂದ್ರ ಕುರ್ಚಿ ಉಚಿತ, ಪುಡಿ ಡಬ್ಬಿ 2,999 ರೂಪಾಯಿ. ಒಂದು ಚಮಚದಾಗ ಐವತ್ತು ಕೋಟಿ ಒಳ್ಳೆ ಬ್ಯಾಕ್ಟೀರಿಯಾ ಅದಾವಂತ. ಎಣಿಸಿದ ಪುಣ್ಯಾತ್ಮನ್ನ ಜನಗಣತಿಗೆ ಹಾಕಿದ್ರ ಮಾಸ್ತರುಗಳು ಉಳಕೊಂತಿದ್ರು.

ಟೈ ಕಟ್ಟಿದ ಹುಡುಗ ಸ್ಕ್ರೀನ್ ಮ್ಯಾಲೆ ಕರುಳು ತೋರಿಸಿ, ಕೆಟ್ಟ ಹುಳ ಕ್ಯಾನ್ಸರ್ ತರ್ತಾವು ಅಂದ. ಪೂರಾ ಸುಳ್ಳಲ್ಲ, ತ್ರಾಸ ಇರೂದ ಅಲ್ಲಿ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಡಾಕ್ಟರು 1984ರಾಗ ಹೆಲಿಕೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಹುಳದ ನೀರು ತಾವ ಕುಡಿದು ಹೊಟ್ಟಿ ಕೆಡಿಸ್ಕೊಂಡ್ರು, 2005ರಾಗ ನೊಬೆಲ್ ತಗೊಂಡ್ರು, ಜಠರದ ಕ್ಯಾನ್ಸರಿಗೆ ಆ ಹುಳನೂ ಒಂದು ಕಾರಣ ಅಂತ ಈಗ ಎಲ್ಲಾರೂ ಒಪ್ಯಾರ. ನಮ್ಮ ಓಣಿ ನಳದ ನೀರು ಕುಡಿದು ಹೊಟ್ಟಿ ಕೆಡಿಸ್ಕೊಂಡವರಿಗೆ ಮಾತ್ರ ಒಂದು ಶಾಲೂ ಹೊಚ್ಚಿಲ್ಲ.

ಇರಲಿ. ಒಳ್ಳೆ ಹುಳಕ್ಕ ಬೇಕಾಗಿದ್ದು ಡಬ್ಬಿ ಅಲ್ರೀ, ನಾರು. ಕಾಳು-ಪಲ್ಯದ ನಾರು ನಮಗ ಕರಗೂದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನ ಉಂಡು ಬ್ಯುಟಿರೇಟ್ ಅಂತ ಒಂದು ಮಾಡ್ತಾವು, ಅದ ಕರುಳಿನ ಒಳಪದರಕ್ಕ ಊಟ. 2021ರಾಗ ಅಮೆರಿಕದಾಗ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಆದವರನ್ನ ನೋಡಿದ್ರು: ನಾರು ಹೆಚ್ಚು ತಿಂದವರಿಗೆ ಇಮ್ಯುನೋಥೆರಪಿ, ಅಂದ್ರ ಮೈಯಾಗಿನ ರೋಗನಿರೋಧಕ ಶಕ್ತಿನ ಕ್ಯಾನ್ಸರ್ ಮ್ಯಾಲೆ ಎಬ್ಬಿಸೋ ಔಷಧ, ಚಲೋ ಹತ್ತಿತ್ತು, ಅಂಗಡಿ ಪ್ರೊಬಯಾಟಿಕ್, ಅಂದ್ರ ಇಂಥಾ ಒಳ್ಳೆ ಹುಳದ ಡಬ್ಬಿ, ತಗೊಂಡವರಿಗೆ ಲಾಭ ಕಾಣಲಿಲ್ಲ. ನಾರಂದ್ರ ಮತ್ತೇನು, ಚಿಗವ್ವ ದಿನಾ ಬಡಿಯೋ ಜ್ವಾಳದ ರೊಟ್ಟಿ, ಪುಂಡಿಪಲ್ಯ, ಮಡಿಕಿಕಾಳು. ಕಾಕಾ ಅದನ್ನ 'ಗ್ಯಾಸ್ ಆಗತೈತಿ' ಅಂತ ಬಿಟ್ಟು ಎರಡು ವರ್ಷ ಆತು. ಮುಂಜಾನೆ ಬ್ರೆಡ್ಡು, ಸಂಜಿಗೆ ಗೋಬಿ.

ಶಿಬಿರದ ಬಾಗಲದಾಗ ಪಾನ್ ಡಬ್ಬಾ. ಗುಟ್ಕಾ 2013ರಾಗನ ನಮ್ಮ ರಾಜ್ಯದಾಗ ಬ್ಯಾನ್, ಕಾನೂನು ಅಂದ್ರ ಕಾನೂನು, ಅದಕ್ಕ ಪಾನ್ ಮಸಾಲಾದ್ದು ಒಂದು ಚೀಟಿ, ತಂಬಾಕಿಂದು ಒಂದು ಚೀಟಿ, ಬ್ಯಾರೆ ಬ್ಯಾರೆ ಕೊಡ್ತಾರ, ಲಗ್ನ ನಮ್ಮ ಬಾಯಾಗ ಆಗತೈತಿ. ಕಾಕಾ ಎರಡೂ ಹಲ್ಲಿಲೆ ಹರದು, ಅಂಗೈಯಾಗ ಕೂಡಿಸಿ ಬಾಯಿಗೆ ಹಾಕ್ಕೊಂಡು, ಉಗುಳು ಚೆಲ್ಲಬಾರದು ಅಂತ ಮಕ ಮ್ಯಾಲೆತ್ತಿ ಆ ಹುಡುಗನ್ನ ಕೇಳಿದ್ರು, "ಇದು ಹಾಕ್ಕೊಂಡು ಎಷ್ಟೊತ್ತಿಗೆ ಪುಡಿ ತಗೋಬೇಕ್ರಿ?"

"ಅರ್ಧ ತಾಸು ಬಿಟ್ಟು ತಗೋರಿ ಸರ್."

ಆಮ್ಯಾಲೆ ನಗು ಬರಲಿಲ್ರಿ. ನಮ್ಮ ಓಣ್ಯಾಗ ಒಬ್ಬರು ಬಾಯಿಹುಣ್ಣು ಆರು ತಿಂಗಳು ಮುಚ್ಚಿಟ್ಟು, ಬಾಯಿ ಎರಡು ಬೆರಳು ತೆರಿಯದಂಗ ಆದಮ್ಯಾಲೆ ಈಗ ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೆ ನಿಂತು ಬೆಂಗಳೂರಿನ ಕ್ಯಾನ್ಸರ್ ದವಾಖಾನಿಗೆ ಹೋಗ್ತಾರ, ರೊಟ್ಟಿ ತಿನ್ನಾಕ ಬರೂದಿಲ್ಲ, ಬಾಟ್ಲಿಯಾಗ ಅಂಬಲಿ. ಆ ಶಿಬಿರದಾಗ ಅಷ್ಟು ಮಂದಿ ಕುಂತಿದ್ರಲ್ಲ, ಒಬ್ಬರದರ ಬಾಯಿ ತೆರಿಸಿ ಟಾರ್ಚ್ ಬಿಟ್ಟು ನೋಡಿದ್ರೇನು? ಯಾಕ ನೋಡ್ತಾರ, ಟಾರ್ಚಿನ್ಯಾಗ ಕಮಿಷನ್ ಇಲ್ಲ.

ಪುಡಿ ಹುಳಿ ವಾಸನಿ ಅಂತ ಕಾಕಾ ಮೂರು ದಿನಕ್ಕ ಬಿಟ್ರು, ಚಿಗವ್ವ ತಿಪ್ಪಿಗೆ ಸುರುವಿದಳು. ಡಬ್ಬಿ ಮಾತ್ರ ಕಾಕಾ ಚೆಲ್ಲಗೊಟ್ಟಿಲ್ಲ, ಮುಚ್ಚಳ ಗಟ್ಟಿ ಐತಂತ, ಚೀಟಿ ಇಟ್ರ ಮೆತ್ತಗಾಗೂದಿಲ್ಲಂತ.