ಸತ್ಯಾಂಶ: ಜಾಕ್ ಎರಡು ಟನ್ ಎತ್ತಿದರೂ ಕಾರಿನಡಿ ನುಸುಳಬೇಡಿ

‘ಜಾಕ್ ಮೇಲೆ 2 ಟನ್ ಎಂದಿದ್ದರೆ ಸಾಕು, ಕಾರಿನ ಕೆಳಗೆ ಧೈರ್ಯವಾಗಿ ಕೆಲಸ ಮಾಡಿ, ಅನುಮಾನವಿದ್ದರೆ ಸಿಮೆಂಟ್ ಬ್ಲಾಕ್ ಇಡಿ’ ಎಂಬ ಸಲಹೆ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಎರಡೂ ಮಾತು ತಪ್ಪು.

ಆ ಅಂಕಿ ಹೇಳುವುದು ಎತ್ತುವ ಸಾಮರ್ಥ್ಯವನ್ನು ಮಾತ್ರ. ಹೈಡ್ರಾಲಿಕ್ ಜಾಕ್‌ನ ಸೀಲ್ ಸವೆದರೆ ಎಣ್ಣೆ ಸೋರಿ ಕಾರು ಇಳಿಯುತ್ತದೆ. ಡಿಕ್ಕಿಯಲ್ಲಿರುವ ಕತ್ತರಿ ಜಾಕ್‌ನ ಪಾದ ಕಿರಿದು; ಕಾರು ತುಸು ಜರುಗಿದರೂ ಅದು ಪಕ್ಕಕ್ಕೆ ವಾಲುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕ್ ಇನ್ನೂ ಅಪಾಯಕಾರಿ: ಭಾರ ಒಂದೇ ಕಡೆ ಬಿದ್ದರೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ.

ಕೆಳಗೆ ಹೋಗಲೇಬೇಕಾದರೆ ಆಕ್ಸಲ್ ಸ್ಟ್ಯಾಂಡ್ (ಎತ್ತಿದ ಕಾರಿನ ಭಾರ ಹೊರುವ, ಪಿನ್ ಹಾಕಿ ಎತ್ತರ ನಿಲ್ಲಿಸುವ ಲೋಹದ ಆಸರೆ) ಬೇಕು, ಅದೂ ಜೋಡಿ. ಗಟ್ಟಿ, ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಮೊದಲ ಗೇರ್‌ಗೆ ಹಾಕಿ. ಆಟೋಮ್ಯಾಟಿಕ್ ಆದರೆ ಪಾರ್ಕ್‌ಗೆ. ಇಲ್ಲಿ ಹಲವರು ಎಡವುತ್ತಾರೆ: ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತದೆ. ಹಿಂಭಾಗ ಎತ್ತಿದರೆ ಅದರ ಹಿಡಿತವೇ ಇರುವುದಿಲ್ಲ. ಆದ್ದರಿಂದ ನೆಲದಲ್ಲೇ ಉಳಿಯುವ ಚಕ್ರಗಳಿಗೆ ಹಿಂದೆಮುಂದೆ ಅಡೆ ಕೊಡಿ. ಚಕ್ರ ಬಿಚ್ಚುವುದಿದ್ದರೆ ಕಾರು ಎತ್ತುವ ಮೊದಲೇ ನಟ್‌ಗಳನ್ನು ಸ್ವಲ್ಪ ಸಡಿಲಿಸಿ. ಕೈಪಿಡಿ ತೋರಿಸಿದ ಜಾಗದಲ್ಲೇ ಎತ್ತಿ, ಸ್ಟ್ಯಾಂಡ್ ಇಟ್ಟು, ಪಿನ್ ಪೂರ್ತಿ ಕೂತಿದೆಯೇ ನೋಡಿ, ಜಾಕ್ ನಿಧಾನವಾಗಿ ಇಳಿಸಿ. ಕೆಳಗೆ ಹೋಗುವ ಮುನ್ನ ಪಕ್ಕದಿಂದ ಕೈಯಲ್ಲಿ ತಳ್ಳಿ ನೋಡಿ. ಅಲುಗಾಡಿದರೆ ಮತ್ತೆ ಮೊದಲಿನಿಂದ.

ಇಂಥ ಸಂದೇಶ ನಿಜವೇ ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಜಾಕ್ ಮೇಲಿನ ಎಚ್ಚರಿಕೆ ಚೀಟಿ, ಕಾರಿನ ಕೈಪಿಡಿಯಲ್ಲಿ ಚಕ್ರ ಬದಲಿಸುವ ಪುಟ ಓದಿ. ಬರೀ ಜಾಕ್ ಮೇಲಿರುವ ಕಾರಿನಡಿ ಹೋಗಬೇಡಿ ಎಂದೇ ಅಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ.